ಕೋಲಾರದಲ್ಲೊಂದು ಕಡಲು: 3 ಅಡಿ ರೀಫ್ ಟ್ಯಾಂಕ್, ಗಾಜಿಂದ ಲೈಟಿನ ತನಕ ಮನೆಯಲ್ಲೇ

ಕೋಲಾರ_ಕಡಲು | ಜನವರಿ 9, ರಾತ್ರಿ 10:15

ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಕೂತಿದ್ದೆ. ಈಗ ರೀಫ್ ಟ್ಯಾಂಕಿಗೆ, ಅಂದ್ರೆ ಹವಳ, ಕಡಲ ಮೀನು ಸಾಕೋ ಉಪ್ಪುನೀರಿನ ಗಾಜಿನ ತೊಟ್ಟಿಗೆ, ಕೈ ಹಾಕಿದ್ದೀನಿ, ಬರೆಯೋ ಹಕ್ಕು ಬಂತು ಅನ್ಕೊಳ್ತೀನಿ.

ಮನೆ ಕೋಲಾರ ಟೌನಲ್ಲಿ. ಸಮುದ್ರ ಅಂದ್ರೆ ನಮಗೆ ಒಂದು ಕಡೆ ಚೆನ್ನೈ, ಇನ್ನೊಂದು ಕಡೆ ಮಂಗಳೂರು, ಎರಡೂ ದೂರ. ಹತ್ತಿರ ಇರೋದು ಬೋರ್‌ವೆಲ್ ಒಂದೇ. ಅದರ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಲೆಕ್ಕ, ಪಿಪಿಎಂನಲ್ಲಿ, ಅಂದ್ರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು) ನಿನ್ನೆ ಅಳೆದಾಗ 1,180. ಗಾಜು ಮನೆಗೆ ಬಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಊರಿಗೇ ಕುಡಿಯೋಕೆ ನೀರಿಲ್ಲ, ನೀನು ಮೀನಿಗೆ ಸಮುದ್ರ ತೋಡ್ತೀಯೇನೋ?"

ಟ್ಯಾಂಕ್ ಅಳತೆ 3 × 1.5 × 1.5 ಅಡಿ, 10 ಎಂಎಂ ಗಾಜು. ಅಂಚಿನ ತನಕ ತುಂಬಿದ್ರೆ 190 ಲೀಟರ್. ಕಲ್ಲು, ಮರಳು ಕಳೆದು ಮೇಲೆ ಎರಡು ಬೆರಳು ಜಾಗ ಬಿಟ್ರೆ 160. ಕೆಳಗಿನ ಸಂಪ್‌ನಲ್ಲಿ 40. ಸಂಪ್ ಅಂದ್ರೆ ಅಂಗಳದಲ್ಲಿ ಮುಚ್ಚಳ ಹಾಕಿರೋ ಸಂಪ್ ಅಲ್ಲ ಮಾರಾಯ್ರೆ, ನನ್ನ ತಮ್ಮ ಹಾಗೇ ತಿಳ್ಕೊಂಡು ಟಾರ್ಚ್ ಹಿಡ್ಕೊಂಡು ಹೊರಗೆ ಹೋಗಿದ್ದ. ಟ್ಯಾಂಕಿನ ಕೆಳಗೆ ಸ್ಟ್ಯಾಂಡ್ ಒಳಗೆ ಇಡೋ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಮೇಲಿನ ನೀರು ಪೈಪಲ್ಲಿ ಅದಕ್ಕೆ ಇಳಿಯುತ್ತೆ, ಸೋಸುತ್ತೆ, ಪಂಪ್ ಮತ್ತೆ ಮೇಲಕ್ಕೆ ತಳ್ಳುತ್ತೆ.

ಅಂಟಿಸಿದ್ದು ಹುಳಿ ವಾಸನೆ ಬರೋ ಸಾದಾ ಸಿಲಿಕಾನ್‌ನಲ್ಲಿ. ಬಾತ್‌ರೂಮಿಗೆ ಅಂತ ಮಾರೋದರಲ್ಲಿ ಬೂಷ್ಟು ತಡೆಯೋ ಔಷಧಿ ಬೆರೆಸಿರ್ತಾರೆ, ಅದು ಬೇಡ. ಗಾಜಿನ ಎರಡೂ ಪಕ್ಕ ಟೇಪ್ ಹಚ್ಚಿ, ಸಿಲಿಕಾನ್ ಎಳೆದು, ಬೆರಳಿಗೆ ಸೋಪಿನ ನೀರು ಮುಟ್ಟಿಸಿ ಒಂದೇ ಸಲಕ್ಕೆ ಸವರಿ, ಹಸಿ ಇರುವಾಗಲೇ ಟೇಪ್ ಕಿತ್ತೆ. ಮೊದಲ ಮೂಲೆ ಹಾಳಾಯ್ತು. ಟೇಪ್ ಕೀಳೋದು ಐದು ನಿಮಿಷ ತಡವಾಗಿ ಸಿಲಿಕಾನ್ ಅದರ ಜೊತೆಗೇ ಜೋತುಬಿತ್ತು. ಬ್ಲೇಡಲ್ಲಿ ಕೆರೆದು ಮತ್ತೆ ಹಾಕಿದೆ. ಎಂಟು ದಿನ ಒಣಗಿಸಿ ಆಮೇಲೆ ನೀರು ತುಂಬಿ ನೋಡಿದ್ದು. ಸೋರಿಲ್ಲ.

ಸ್ಟ್ಯಾಂಡ್ 40 ಎಂಎಂ ಚೌಕ ಪೈಪಲ್ಲಿ ವೆಲ್ಡಿಂಗ್ ಮಾಡಿಸಿದೆ. ನೀರು, ಗಾಜು, ಕಲ್ಲು ಎಲ್ಲ ಸೇರಿ 300 ಕೆಜಿ ಹತ್ತಿರ ಬರುತ್ತೆ, ಪ್ಲೈವುಡ್ ಮೇಜಿನ ಮಾತೇ ಇಲ್ಲ. ರಸಮಟ್ಟ ಇಟ್ಟು ನೋಡಿದ್ರೆ ಹಾಲ್‌ನ ನೆಲವೇ ಬಾಗಿಲ ಕಡೆಗೆ ಇಳಿದಿದೆ! ತೊಳೆದ ನೀರು ಹೋಗಲಿ ಅಂತ ಮೇಸ್ತ್ರಿ ಅವತ್ತು ಕೊಟ್ಟ ವಾಟ. ಮೂರು ಅಡಿಗೆ 6 ಎಂಎಂ. ಕಾಲಿನ ಕೆಳಗೆ ತಗಡು ಕೊಟ್ಟು ಸಮ ಮಾಡಿ, ಗಾಜಿನ ತಳಕ್ಕೆ ಥರ್ಮೋಕೋಲ್ ಹಾಸಿದೆ.

ಕಲ್ಲು ನವೆಂಬರ್‌ನಲ್ಲೇ ಎರಕ ಹೊಯ್ದಿದ್ದೆ. 1 ಪಾಲು ಬಿಳಿ ಸಿಮೆಂಟ್, 3 ಪಾಲು ಚಿಪ್ಪಿನ ಚೂರು, 1 ಪಾಲು ಕಲ್ಲುಪ್ಪು. ಚಿಪ್ಪು ಸಿಕ್ಕಿದ್ದು ಕೋಳಿ ಆಹಾರ ಮಾರೋ ಅಂಗಡಿಯಲ್ಲಿ, ಮೊಟ್ಟೆ ಕೋಳಿಗೆ ಹಾಕೋ ಅದೇ ಗ್ರಿಟ್. ಗಟ್ಟಿಯಾದ ಮೇಲೆ ನೀರಲ್ಲಿ ಹಾಕಿದ್ರೆ ಉಪ್ಪು ಕರಗಿ ಒಳಗೆಲ್ಲ ಸೆಟ್ ದೋಸೆ ಥರ ತೂತು ಉಳಿಯುತ್ತೆ. ಎಂಟು ವಾರ ಬಕೆಟ್ ನೀರು ಬದಲಿಸಿದ್ದೀನಿ. ಶುರುವಲ್ಲಿ ಪಿಎಚ್ 11 ದಾಟಿತ್ತು, ಈಗ 8.4ಕ್ಕೆ ನಿಂತಿದೆ.

ಆವಿಯಾದ ನೀರನ್ನ ತಾನೇ ತುಂಬೋ ಏರ್ಪಾಡಿಗೆ ಸೆನ್ಸರ್ ಗಿನ್ಸರ್ ತರಲಿಲ್ಲ. ಮೇಲೆ ಒಂದು 20 ಲೀಟರ್ ಕ್ಯಾನ್, ಸಂಪ್‌ನಲ್ಲಿ ನೀರು ಇಳಿದ್ರೆ ತೆರೆದು, ತುಂಬಿದ್ರೆ ಮುಚ್ಚೋ ಒಂದು ಬಾಲ್‌ಕಾಕ್, ಅಷ್ಟೇ. ಪ್ಲಾಸ್ಟಿಕ್‌ದು ವರ್ಷಕ್ಕೇ ಮುರಿಯುತ್ತೆ, ಗಟ್ಟಿ ಮಾಲು ತಗೊಂಡು ಬಾ ಅಂದ್ರು ಅಪ್ಪ, ಹಾಗೇ ಮಾಡಿದೆ. ಫೋಟೋ ಹಾಕಿದ್ದೀನಿ, ತಪ್ಪಿದ್ರೆ ಬೈರಿ.

ತುಮಕೂರು_ಉಪ್ಪುನೀರು | ಜನವರಿ 9, ರಾತ್ರಿ 11:02

ಬೈಯೋಕೆ ಏನೂ ಇಲ್ಲ ಗುರು, ಚೆನ್ನಾಗಿದೆ. ಒಂದು ಪ್ರಶ್ನೆ: ಪಂಪ್ ನಿಂತಾಗ ಏನಾಗುತ್ತೆ ಅಂತ ನೋಡಿದ್ಯಾ? ನಿನ್ನ ಟ್ಯಾಂಕಲ್ಲಿ 1 ಸೆಂಟಿಮೀಟರ್ ನೀರು ಅಂದ್ರೆ 4 ಲೀಟರ್ ಮೇಲೆ. ಕರೆಂಟ್ ಹೋದಾಗ, ಪಂಪ್ ನೀರನ್ನ ಮೇಲಕ್ಕೆ ತರೋ ವಾಪಸ್ ಪೈಪಿನ ಬಾಯಿ ಮುಳುಗಿದ್ರೆ ಅದೇ ಸೈಫನ್ ಆಗಿ ಎಳ್ಕೊಂಡು ಸಂಪ್ ತುಂಬಿಸಿ ಹಾಲ್‌ಗೆ ಬಿಡುತ್ತೆ. ಆ ಪೈಪಲ್ಲಿ ನೀರಿನ ಮಟ್ಟದ ಕೆಳಗೇ ಒಂದು 4 ಎಂಎಂ ತೂತು ಕೊರೆ, ಗಾಳಿ ಹೊಕ್ಕು ಸೈಫನ್ ಕಡಿಯುತ್ತೆ. ವಾರಕ್ಕೊಮ್ಮೆ ಹಲ್ಲುಕಡ್ಡಿಯಲ್ಲಿ ಚುಚ್ಚಿ ಆ ತೂತನ್ನ ಕ್ಲೀನ್ ಮಾಡು, ಪಾಚಿ ಮುಚ್ಚುತ್ತೆ. ಸಂಪ್‌ನಲ್ಲಿ ಯಾವಾಗಲೂ 12 ಲೀಟರ್ ಜಾಗ ಖಾಲಿ ಇರಲಿ.

ಇನ್ನೊಂದು, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್) ಹಾಕಿಸಿದ್ದೀಯಾ? 30 ಮಿಲಿಆಂಪ್‌ದು. ಉಪ್ಪುನೀರಲ್ಲಿ ಕೈ ಇಡೋವಾಗ ಅದಿಲ್ಲದೆ ನಾನಂತೂ ಇಡಲ್ಲ.

ಕೋಲಾರ_ಕಡಲು | ಜನವರಿ 10, ಬೆಳಗ್ಗೆ 7:20

ಆರ್‌ಸಿಸಿಬಿ ಇದೆ ಅಣ್ಣ. ತೂತು ಇರಲಿಲ್ಲ. ನಿಮ್ಮ ಮಾತು ಓದಿ ರಾತ್ರಿಯೇ ಪ್ಲಗ್ ಕಿತ್ತು ನೋಡಿದೆ. ಅಮ್ಮ ಎದ್ದು ಬರೋದರೊಳಗೆ ನೆಲ ಒರೆಸಿ ಮುಗಿಸಿದ್ದೆ.

ಕೆಜಿಎಫ್_ಹುಡುಗ | ಜನವರಿ 10, ಮಧ್ಯಾಹ್ನ 1:45

ಅಣ್ಣ, ಸಿಮೆಂಟ್ ಕಲಸೋ ಕಷ್ಟ ಯಾಕೆ? ನಮ್ಮೂರಲ್ಲಿ ಗಣಿ ಕಲ್ಲು ಬೆಟ್ಟದಷ್ಟು ಬಿದ್ದಿದೆ. ಗೆರೆ ಗೆರೆ ಇರುತ್ತೆ, ಮಿನುಗುತ್ತೆ, ಸಕ್ಕತ್ತಾಗಿ ಕಾಣುತ್ತೆ. ತರಲಾ ಒಂದು ಮೂಟೆ?

ತುಮಕೂರು_ಉಪ್ಪುನೀರು | ಜನವರಿ 10, ಮಧ್ಯಾಹ್ನ 2:10

ಬೇಡಪ್ಪಾ. ಮಿನುಗುತ್ತೆ ಅಂತೀಯಲ್ಲ, ಆ ಮಿನುಗೇ ತೊಂದರೆ. ಅದಿರಿನ ಕಲ್ಲು ಉಪ್ಪುನೀರಲ್ಲಿ ಲೋಹ ಬಿಡುತ್ತೆ. ಚಿನ್ನ ಬೇರ್ಪಡಿಸಿ ಸುರಿದ ಸೈನೈಡ್ ದಿಬ್ಬದ ಹತ್ತಿರದ್ದನ್ನಂತೂ ಮನೆಗೇ ತರಬೇಡ. ಅಂತರಗಂಗೆ ಬೆಟ್ಟದ ಸಾದಾ ಬಂಡೆ ವಿಷ ಅಲ್ಲ, ಆದ್ರೆ ಒಳಗೆ ತೂತೇ ಇಲ್ಲ, ಬ್ಯಾಕ್ಟೀರಿಯಾ ಮನೆ ಮಾಡೋದು ತೂತಿನಲ್ಲಿ. ಸಿಮೆಂಟ್ ಕಲ್ಲೇ ಸರಿ.

ಗೌರಿಬಿದನೂರು_ಗಪ್ಪಿ | ಜನವರಿ 10, ರಾತ್ರಿ 8:30

ನಾನು ಸಿಹಿನೀರಿನವಳು, ಗಪ್ಪಿ ಬಿಟ್ರೆ ಬೇರೆ ಗೊತ್ತಿಲ್ಲ. ರೀಫ್ ಅಂದ್ರೆ ಹವಳ ಅಲ್ವಾ? ಹವಳ ಎಲ್ಲಿಂದ ತರ್ತೀರಾ? ರಾಮೇಶ್ವರದ ಕಡೆಯಿಂದ ತಂದು ಕೊಡ್ತೀನಿ ಅಂತ ಒಬ್ಬರು ಮೆಸೇಜ್ ಮಾಡಿದ್ರು.

ತುಮಕೂರು_ಉಪ್ಪುನೀರು | ಜನವರಿ 10, ರಾತ್ರಿ 9:15

ಅಮ್ಮಾ ತಾಯಿ, ಆ ಮೆಸೇಜ್ ಅಳಿಸಿ, ನಂಬರ್ ಬ್ಲಾಕ್ ಮಾಡಿ. ಗಟ್ಟಿ ಅಸ್ಥಿಯ ಕಲ್ಲುಹವಳ ಅಷ್ಟೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರೋ ರಕ್ಷಣೆಯೇ ಅದಕ್ಕೂ. ಕಪ್ಪು ಹವಳ, ಸಮುದ್ರದ ಬೀಸಣಿಗೆ, ಕಡಲಕುದುರೆ, ಕಡಲ ಸೌತೆ ಎಲ್ಲ ಅದೇ ಸಾಲು. ಅವರು ಹೇಳಿದ ಕಡೆ ಇರೋದು ಮನ್ನಾರ್ ಕೊಲ್ಲಿ, 1986ರಿಂದ ಕಡಲ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಒಂದು ತುಂಡು ಕಲ್ಲು ಎತ್ತಿದ್ರೂ ಜೈಲು. ಈ ವೇದಿಕೆಯಲ್ಲಿ ಆ ವ್ಯವಹಾರಕ್ಕೆ ಜಾಗ ಇಲ್ಲ, ಯಾರಾದ್ರೂ ಬರೆದ್ರೆ ಎಳೆಯನ್ನೇ ಮುಚ್ತೀನಿ.

ಕೋಲಾರ_ಕಡಲು | ಜನವರಿ 10, ರಾತ್ರಿ 9:40

ನನ್ನ ಲೆಕ್ಕವೂ ಅದೇ. ಕಲ್ಲುಹವಳ ಬೇಡ. ಗುಂಡಿ ಥರ ಅರಳೋ ಜೋಯಾಂಥಿಡ್, ಅಣಬೆ ಹವಳ ಅಂತ ಕರೆಯೋ ಮೆತ್ತನೆಯವು, ಅವೂ ಬಿಲ್ ಕೊಡೋ ಕಡೆ ಮಾತ್ರ, ಟ್ಯಾಂಕಲ್ಲೇ ಕತ್ತರಿಸಿ ಬೆಳೆಸಿದ ತುಂಡುಗಳು. ಮೀನು ಅಂದ್ರೆ ಸಾಕಿ ಮರಿ ಮಾಡಿಸಿದ ಕ್ಲೌನ್ ಜೋಡಿ ಒಂದೇ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸೋ ವಿಧಾನ ಯಾವಾಗಲೋ ಗೆದ್ದಿದ್ದಾರೆ, ಹಿಡಿದು ತಂದ ಮೀನಿನ ಅಗತ್ಯವೇ ಇಲ್ಲ.

ತುಮಕೂರು_ಉಪ್ಪುನೀರು | ಜನವರಿ 10, ರಾತ್ರಿ 9:52

ಜೋಯಾಂಥಿಡ್ ಮುಟ್ಟೋವಾಗ ಗ್ಲೌಸ್ ಹಾಕು, ಕಣ್ಣಿಗೂ ಕನ್ನಡಕ. ಕೆಲವು ಜಾತಿಯಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇದೆ. ಅದು ಅಂಟಿರೋ ಕಲ್ಲನ್ನ ಕ್ಲೀನ್ ಮಾಡೋಕೆ ಅಂತ ಯಾವ ಕಾಲಕ್ಕೂ ಕುದಿಸಬೇಡ, ಆ ಹಬೆ ಕುಡಿದ್ರೆ ಮನೆಮಂದಿಯೆಲ್ಲ ಆಸ್ಪತ್ರೆ.

ಕೋಲಾರ_ಕಡಲು | ಜನವರಿ 24, ಸಂಜೆ 6:30

ನೀರಿನ ಕಥೆ. ಇದಕ್ಕೇ ಎರಡು ವಾರ ಹೋಯ್ತು.

ಮನೆಯ ಆರ್‌ಒ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಅದರ ನೀರಿನ ಟಿಡಿಎಸ್ ಅಳೆದ್ರೆ 140. ಮೆಂಬ್ರೇನ್ (ಒಳಗಿನ ಸೋಸೋ ಪೊರೆ) ಹೋಗಿದೆ ಅಂತ ಹೊಸದು ಹಾಕಿಸಿದೆ, ಆಗಲೂ 130. ಆಮೇಲೆ ಗೊತ್ತಾಯ್ತು, ಕುಡಿಯೋ ಮೆಷಿನ್‌ನಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ತಿರುಪು ಇರುತ್ತೆ. ರುಚಿಗೆ ಅಂತ ಹಸಿ ನೀರನ್ನೇ ಒಂದಿಷ್ಟು ಬೆರೆಸುತ್ತೆ. ಅದನ್ನ ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್ ಕಿತ್ತು ಹಾಕಿದ ಮೇಲೆ 52ಕ್ಕೆ ಬಂತು. 1,180ರಿಂದ 52, ಮೆಂಬ್ರೇನ್ ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು ಪಾಪ. ಅದರ ಮುಂದೆ ಉಳಿದ ಲವಣವನ್ನೂ ಹೀರೋ ಡಿಐ ರೆಸಿನ್ ಕೊಳವೆ ಸೇರಿಸಿದೆ, ಸೊನ್ನೆ. ಕಾಯಿನ್ ಹಾಕೋ ನೀರಿನ ಘಟಕದ್ದೂ ತಂದು ನೋಡಿದೆ, 85 ಇತ್ತು. ಕುಡಿಯೋಕೆ ಅಮೃತ, ಇದಕ್ಕೆ ಆಗಲ್ಲ. ನಮ್ಮ ಜಿಲ್ಲೆಯ ಬೋರ್ ನೀರಲ್ಲಿ ಫ್ಲೋರೈಡ್, ನೈಟ್ರೇಟ್ ಎರಡೂ ತಲೆನೋವು. ನೈಟ್ರೇಟ್ ಮೆಂಬ್ರೇನ್‌ನಿಂದ ಸುಲಭವಾಗಿ ನುಸುಳುತ್ತೆ, ಅದಕ್ಕೇ ರೆಸಿನ್ ಬೇಕೇ ಬೇಕು.

ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ವೇಸ್ಟ್. 200 ಲೀಟರ್ ತುಂಬೋಕೆ 600 ಹೊರಗೆ. ಅಮ್ಮ ಎದುರಿಗೇ ಕೂತು ನೋಡ್ತಿದ್ರು. ಆ ನೀರು ಈಗ ಡ್ರಮ್‌ಗೆ ಹೋಗುತ್ತೆ, ಕಕ್ಕಸ್ಸಿಗೆ, ನೆಲ ಒರೆಸೋಕೆ, ಗಾಡಿ ತೊಳೆಯೋಕೆ. ಗಿಡಕ್ಕೆ ಹಾಕಲ್ಲ, ಅದರ ಟಿಡಿಎಸ್ 1,500 ಮೇಲೆ.

ಕಡಲ ಟ್ಯಾಂಕಿಗೆ ಅಂತಲೇ ಮಾರೋ ಉಪ್ಪು ಲೀಟರಿಗೆ ಸುಮಾರು 37 ಗ್ರಾಂ, ಒಟ್ಟು ಏಳೂವರೆ ಕೆಜಿ ಹಿಡೀತು. "ಕಲ್ಲುಪ್ಪು ಹಾಕಿದ್ರೆ ಆಗಲ್ವಾ, ಅದೂ ಸಮುದ್ರದ್ದೇ ತಾನೇ" ಅಂತ ತಮ್ಮ ಕೇಳ್ದ. ಉಪ್ಪಿನ ಗದ್ದೆಯಲ್ಲಿ ಗಟ್ಟಿಯಾಗೋ ಸೋಡಿಯಂ ಕ್ಲೋರೈಡನ್ನ ಬಾಚ್ಕೊಂಡು ಮೆಗ್ನೀಸಿಯಂ ಇರೋ ಕಹಿ ನೀರನ್ನ ಹೊರಗೆ ಬಿಡ್ತಾರೆ. ನಮಗೆ ಆ ಕಹಿಯೂ ಬೇಕು, ಕ್ಯಾಲ್ಸಿಯಂ ಕೂಡ: ಮೆಗ್ನೀಸಿಯಂ 1,300, ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು.

ಚಿಂತಾಮಣಿ_ಟೀಚರ್ | ಜನವರಿ 24, ರಾತ್ರಿ 8:05

ಉಪ್ಪಿನ ಗದ್ದೆ ಉದಾಹರಣೆ ಚೆನ್ನಾಗಿದೆ, ಪಿಯುಸಿ ಮಕ್ಕಳಿಗೆ ನಾಳೆ ಹೇಳ್ತೀನಿ. ಉಪ್ಪಿನಂಶ ಅಳೆಯೋಕೆ ರಿಫ್ರಾಕ್ಟೋಮೀಟರ್ ಬಳಸ್ತೀರಾ? ಅದನ್ನ ಯಾವುದರಲ್ಲಿ ಸರಿಹೊಂದಿಸಿದ್ರಿ?

ಕೋಲಾರ_ಕಡಲು | ಜನವರಿ 24, ರಾತ್ರಿ 8:11

ಆರ್‌ಒ ನೀರು ಬಿಟ್ಟು ಸೊನ್ನೆಗೆ ತಂದೆ ಮೇಡಂ. ಟ್ಯಾಂಕ್ ನೀರು 35 ತೋರಿಸ್ತಿದೆ, ಅಂದ್ರೆ ಸಾವಿರ ಪಾಲಲ್ಲಿ 35 ಪಾಲು ಉಪ್ಪು.

ಚಿಂತಾಮಣಿ_ಟೀಚರ್ | ಜನವರಿ 24, ರಾತ್ರಿ 8:30

ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲೂ ಸರಿ ಇರುತ್ತೆ ಅಂತ ಇಲ್ಲ. ತರಕಾರಿ ತಕ್ಕಡಿ ಖಾಲಿ ಇರುವಾಗ ಮುಳ್ಳು ನೆಟ್ಟಗೆ ನಿಂತಿತು ಅಂತ ತೂಕದ ಕಲ್ಲನ್ನ ನಂಬಿದ ಹಾಗೆ ಅದು. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನ 963.5 ಗ್ರಾಂ ಶುದ್ಧ ನೀರಲ್ಲಿ ಕರಗಿಸಿ. ಆ ದ್ರಾವಣ ಬೆಳಕನ್ನ ಬಾಗಿಸೋದು 35ರ ಕಡಲ ನೀರಿನಷ್ಟೇ. ಅದರ ಎರಡು ಹನಿ ಬಿಟ್ಟು 35ಕ್ಕೆ ತಿರುಗಿಸಿ.

ಕೋಲಾರ_ಕಡಲು | ಜನವರಿ 25, ಸಂಜೆ 7:00

ಮೇಡಂ, 37 ತೋರಿಸ್ತು. ಅಂದ್ರೆ ನನ್ನ ನೀರು ನಿಜವಾಗಿ 33. ಇನ್ನೂ 400 ಗ್ರಾಂ ಉಪ್ಪು ಹೋಯ್ತು.

ಮಾಲೂರು_ಮೆಕ್ಯಾನಿಕ್ | ಫೆಬ್ರವರಿ 2, ರಾತ್ರಿ 10:40

ಕರೆಂಟ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಆಡ್ತೀನಿ. ಮೀನು ಸಾಯೋದು ಕಾಯಿಲೆಯಿಂದ ಮಾತ್ರ ಅಲ್ಲ, ಕರೆಂಟ್ ಹೋಗಿಯೂ ಸಾಯುತ್ತೆ. ಬಿಸಿ ನೀರಲ್ಲಿ ಮೊದಲೇ ಆಮ್ಲಜನಕ ಕಡಿಮೆ ಕರಗುತ್ತೆ, ಅಲೆ ನಿಂತ್ರೆ ಮುಗೀತು.

ಮನೆ ಯುಪಿಎಸ್‌ಗೆ 150 ಎಎಚ್ ಬ್ಯಾಟರಿ ಇದ್ರೆ ಲೆಕ್ಕದಲ್ಲಿ 1,800 ವ್ಯಾಟ್‌ಅವರ್. ಕೈಗೆ ಸಿಗೋದು 1,100 ಅನ್ಕೊಳ್ಳಿ. ಎಸಿ ಪಂಪ್ ಬೇಡ. ಹಳೇ ಚೌಕ ಅಲೆ ಇನ್ವರ್ಟರ್‌ನಲ್ಲಿ ಅದು ಗುಂಯ್ ಅಂತ ಬಿಸಿಯಾಗುತ್ತೆ. 24 ವೋಲ್ಟ್ ಡಿಸಿ ಪಂಪ್ ತಗೊಂಡು ಎಸ್‌ಎಂಪಿಎಸ್ (ಎಸಿಯನ್ನ ಡಿಸಿ ಮಾಡೋ ಪೆಟ್ಟಿಗೆ) ಮೂಲಕ ಕೊಡಿ. ಕರೆಂಟ್ ಹೋದಾಗ ಅಲೆ ಪಂಪ್ ಒಂದು, ವಾಪಸ್ ಪಂಪ್ ಅರ್ಧ ವೇಗ, ಎರಡೂ ಸೇರಿ 40 ವ್ಯಾಟ್. ಒಂದು ಹಗಲು ಒಂದು ರಾತ್ರಿ ಆರಾಮಾಗಿ ನಡೆಯುತ್ತೆ. ಲೈಟ್, ಹೀಟರ್ ಯುಪಿಎಸ್ ಲೈನಿಗೆ ಕೊಡಲೇಬೇಡಿ. ಫ್ಯಾನ್, ಟಿವಿ ಅದೇ ಲೈನಲ್ಲಿ ಇದ್ರೆ ಈ ಲೆಕ್ಕ ಮರೆತುಬಿಡಿ. ಐಪಿಎಲ್ ದಿನ ಮೀನಿಗೆ ಗಾಳಿ ಸಿಗಲ್ಲ.

ಲೈಟ್ ಏನು ಮಾಡಿದ್ರಿ?

ಕೋಲಾರ_ಕಡಲು | ಫೆಬ್ರವರಿ 3, ಬೆಳಗ್ಗೆ 6:50

3 ವ್ಯಾಟ್ ಎಲ್‌ಇಡಿ 48, ಅದರಲ್ಲಿ 30 ರಾಯಲ್ ಬ್ಲೂ, 450 ನ್ಯಾನೋಮೀಟರ್‌ದು. ಉಳಿದದ್ದು ಬಿಳಿ. ಗುಜರಿಯಲ್ಲಿ ಸಿಕ್ಕ ಅಲ್ಯೂಮಿನಿಯಂ ಹೀಟ್‌ಸಿಂಕ್, ಮೇಲೆ ಕಂಪ್ಯೂಟರ್ ಫ್ಯಾನ್ ಎರಡು, 700 ಮಿಲಿಆಂಪ್ ಡ್ರೈವರ್. ಸದ್ಯ ಶೇ 25ಕ್ಕೆ ಇಟ್ಟಿದ್ದೀನಿ. ಪೂರ್ತಿ ಬಿಟ್ಟ ದಿನ ಕಿಟಕಿಯಿಂದ ರಸ್ತೆ ತನಕ ನೀಲಿ ಬೆಳಕು, ಎದುರು ಮನೆಯವರು ಯಾವ ಅಂಗಡಿ ಓಪನ್ ಮಾಡ್ತಿದ್ದೀರಾ ಅಂತ ಕೇಳಿದ್ರು.

ಸ್ಕಿಮ್ಮರ್, ಅಂದ್ರೆ ಗುಳ್ಳೆ ಎಬ್ಬಿಸಿ ನೊರೆಯಲ್ಲಿ ಗಲೀಜು ತೆಗೆಯೋ ಸಾಧನ, ನಾಲ್ಕು ಇಂಚಿನ ಪಿವಿಸಿ ಪೈಪಲ್ಲಿ ಮಾಡಿದ್ದು. ಸಿಹಿನೀರಲ್ಲಿ ಪರೀಕ್ಷೆ ಮಾಡಿ ನೊರೆಯೇ ಬರಲಿಲ್ಲ ಅಂತ ಒಂದು ದಿನ ತಲೆ ಕೆಡಿಸ್ಕೊಂಡೆ. ಸಿಹಿನೀರಲ್ಲಿ ಗುಳ್ಳೆ ಒಂದಕ್ಕೊಂದು ಸೇರಿ ದೊಡ್ಡದಾಗಿಬಿಡುತ್ತೆ, ಉಪ್ಪುನೀರಲ್ಲೇ ಅದು ಹಾಲಿನ ಥರ ಸಣ್ಣಗೆ ನಿಲ್ಲೋದು. ಈಗ ಕಪ್‌ನಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಗಲೀಜು ಸೇರ್ತಿದೆ. ವಾಸನೆ ಮಾತ್ರ ಕೇಳಬೇಡಿ.

ಗೌರಿಬಿದನೂರು_ಗಪ್ಪಿ | ಫೆಬ್ರವರಿ 3, ಬೆಳಗ್ಗೆ 9:10

ಸೈಕಲ್ ಮಾಡೋಕೆ, ಅಂದ್ರೆ ಮೀನು ಬಿಡೋ ಮೊದಲು ಗಲೀಜು ತಿನ್ನೋ ಬ್ಯಾಕ್ಟೀರಿಯಾ ಬೆಳೆಸೋಕೆ, ಏನು ಹಾಕಿದ್ರಿ? ನಾನು ಗಪ್ಪಿ ಟ್ಯಾಂಕಿಗೆ ಮೀನಿನ ಊಟ ಹಾಕಿ ಕೊಳೆಸ್ತಿದ್ದೆ.

ಚಿಂತಾಮಣಿ_ಟೀಚರ್ | ಫೆಬ್ರವರಿ 3, ಸಂಜೆ 5:30

ನಾನೇ ಹೇಳ್ತೀನಿ, ನನ್ನನ್ನ ಕೇಳೇ ಹಾಕಿದ್ದು. ಅಮೋನಿಯಂ ಕ್ಲೋರೈಡ್. ನಮ್ಮಜ್ಜಿ ಕಾಲದಲ್ಲಿ ಪಾತ್ರೆಗೆ ಕಲಾಯಿ ಹಾಕೋರು ಬಳಸ್ತಿದ್ದ ನವಸಾಗರ ಇದೇ. ಆದ್ರೆ ಅವರದ್ದು ಬೇಡ, ಲ್ಯಾಬ್ ದರ್ಜೆಯದು ಬೇಕು. 200 ಲೀಟರಿಗೆ ಒಂದೂಕಾಲು ಗ್ರಾಂ ಹಾಕಿದ್ರೆ ಅಮೋನಿಯಾ 2 ಪಿಪಿಎಂ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ನೈಟ್ರೇಟ್. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ಬಂದ್ರೆ ಸೈಕಲ್ ಮುಗಿದಂತೆ. ನಾಲ್ಕರಿಂದ ಆರು ವಾರ. ಅಷ್ಟು ದಿನ ಖಾಲಿ ನೀರು ನೋಡ್ಕೊಂಡು ಕೂರೋ ತಾಳ್ಮೆ ಇರಬೇಕು, ಅಷ್ಟೇ.

ಗೌರಿಬಿದನೂರು_ಗಪ್ಪಿ | ಫೆಬ್ರವರಿ 3, ಸಂಜೆ 6:15

ಇನ್ನೊಂದು ದಡ್ಡ ಪ್ರಶ್ನೆ. ಕ್ಯಾಲ್ಸಿಯಂ ಕೊಡೋಕೆ ಸುಣ್ಣ ಹಾಕ್ತಾರೆ ಅಂತ ಓದಿದೆ. ನಮ್ಮಜ್ಜಿ ಎಲೆಡಬ್ಬಿಯ ಸುಣ್ಣ ಆಗುತ್ತಾ?

ಚಿಂತಾಮಣಿ_ಟೀಚರ್ | ಫೆಬ್ರವರಿ 3, ಸಂಜೆ 7:00

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಎರಡೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಎಲೆಡಬ್ಬಿಯದ್ದರಲ್ಲಿ ಬಣ್ಣ, ಪರಿಮಳ ಏನೇನು ಸೇರಿಸಿರ್ತಾರೋ, ಅದಕ್ಕೇ ಬೇಡ. ಸ್ಕೂಲಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಲ್ಲಿ ಊದಿ ಹಾಲಿನ ಹಾಗೆ ಮಾಡಿದ್ದು ನೆನಪಿದೆಯಾ? ಇಲ್ಲೂ ಬೇಕಾಗಿರೋದು ಆ ತಿಳಿಯೇ. ಲೀಟರಿಗೆ ಒಂದೂವರೆ ಗ್ರಾಂ ಮೇಲೆ ಕರಗೋದೇ ಇಲ್ಲ. ಕಲಕಿ ರಾತ್ರಿಯಿಡೀ ಮುಚ್ಚಿಡಿ, ತಳದ ಗಸಿ ತಳದಲ್ಲೇ ಇರಲಿ, ಮೇಲಿನ ಕೆನೆಯಂಥ ಪೊರೆಯೂ ಬೇಡ. ನಡುವಿನ ತಿಳಿಯನ್ನ ಹನಿ ಹನಿಯಾಗಿ, ರಾತ್ರಿ ಹೊತ್ತು. ಅದರ ಪಿಎಚ್ 12 ದಾಟಿರುತ್ತೆ, ಒಂದೇ ಸಲ ಸುರಿದ್ರೆ ಟ್ಯಾಂಕ್ ಸ್ಮಶಾನ.

ತುಮಕೂರು_ಉಪ್ಪುನೀರು | ಫೆಬ್ರವರಿ 3, ರಾತ್ರಿ 8:20

ಮೇಡಂ ಹೇಳಿದ್ದೆಲ್ಲ ಸರಿ, ಆದ್ರೆ ಈ ಟ್ಯಾಂಕಿಗೆ ಬೇಡ. ಕಲ್ಲುಹವಳವೇ ಇಲ್ಲದ ಕಡೆ ಕ್ಯಾಲ್ಸಿಯಂ ತಿನ್ನೋರು ಯಾರು? ವಾರಕ್ಕೆ 20 ಲೀಟರ್ ನೀರು ಬದಲಿಸಿದ್ರೆ ಎಲ್ಲ ಬರುತ್ತೆ. ಇರೋ ಕೊಳವೆ ಸಾಲದು ಅಂತ ಇನ್ನೊಂದು ಸೇರಿಸೋ ಚಟ ನಮಗೆಲ್ಲ ಇದೆ.

ಚಿಂತಾಮಣಿ_ಟೀಚರ್ | ಫೆಬ್ರವರಿ 3, ರಾತ್ರಿ 8:24

ಒಪ್ಪಿದೆ. ಪಾಠ ಮಾಡೋ ಚಟ ನನ್ನದು.

ಕೋಲಾರ_ಕಡಲು | ಮಾರ್ಚ್ 16, ರಾತ್ರಿ 9:00

ಸೈಕಲ್ ಮುಗಿದು ಎರಡು ವಾರ. ಕ್ಲೌನ್ ಜೋಡಿ ಬಂತು. ಪಾಚಿ ತಿನ್ನೋಕೆ ಆರು ಬಸವನಹುಳು, ಒಂದು ಸೀಗಡಿ, ಜೋಯಾಂಥಿಡ್ ಎರಡು ತುಂಡು. ಅಮ್ಮ ಈಗ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಟ್ಯಾಂಕ್ ಮುಂದೆಯೇ ಕೂರ್ತಾರೆ. ದೊಡ್ಡ ಕ್ಲೌನಿಗೆ ರಾಜಮ್ಮ ಅಂತ ಹೆಸರಿಟ್ಟಿದ್ದಾರೆ. ಕ್ಲೌನ್‌ನಲ್ಲಿ ದೊಡ್ಡದೇ ಹೆಣ್ಣು, ಅವರಿಗೆ ಅದು ಯಾರು ಹೇಳಿದ್ರೋ ಗೊತ್ತಿಲ್ಲ.

ಕೋಲಾರ_ಕಡಲು | ಏಪ್ರಿಲ್ 11, ಬೆಳಗ್ಗೆ 5:40

ಸಹಾಯ ಬೇಕು. ಬಸವನಹುಳು ಒಂದೊಂದಾಗಿ ಸಾಯ್ತಿವೆ. ಗಾಜಿಂದ ಕಳಚಿ ಬೆನ್ನ ಮೇಲೆ ಬೀಳ್ತವೆ, ನೆಟ್ಟಗೆ ಮಾಡಿದ್ರೂ ಪಾದ ಊರಲ್ಲ, ಮರುದಿನ ಚಿಪ್ಪು ಖಾಲಿ. ಆರರಲ್ಲಿ ನಾಲ್ಕು ಹೋಯ್ತು. ನಿನ್ನೆ ಸೀಗಡಿ ಪೊರೆ ಬಿಟ್ಟಿತು, ಪೊರೆ ಪಕ್ಕದಲ್ಲೇ ಸತ್ತು ಬಿದ್ದಿತ್ತು. ಜೋಯಾಂಥಿಡ್ ಅರಳ್ತಿಲ್ಲ. ಕ್ಲೌನ್‌ಗಳು ಮಾತ್ರ ಏನೂ ಆಗದ ಹಾಗೆ ಊಟಕ್ಕೆ ಕುಣೀತಾವೆ.

ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 5, ಪಿಎಚ್ 8.2, ಉಪ್ಪಿನಂಶ 35.

ಕೆಜಿಎಫ್_ಹುಡುಗ | ಏಪ್ರಿಲ್ 11, ಬೆಳಗ್ಗೆ 7:30

ಬಿಸಿಲು ಅಣ್ಣ. ನಮ್ಮಲ್ಲಿ ನಿನ್ನೆ ಕಾದ ಬಾಣಲೆ.

ಕೋಲಾರ_ಕಡಲು | ಏಪ್ರಿಲ್ 11, ಬೆಳಗ್ಗೆ 7:42

ನೀರು 26.5 ದಾಟಿಲ್ಲ. ಮೇಲೆ ಎರಡು ಫ್ಯಾನ್ ಬೀಸ್ತಿದೆ. ನಮ್ಮ ಕಡೆ ಒಣ ಗಾಳಿ ಅಲ್ವಾ, ಚಿಲ್ಲರ್ ಇಲ್ಲದೆ ನಡೀತಿದೆ. ಒಂದು ಲೀಟರ್ ಆವಿಯಾದ್ರೆ 200 ಲೀಟರನ್ನ ಸುಮಾರು 3 ಡಿಗ್ರಿ ತಣಿಸೋವಷ್ಟು ಶಾಖ ಹೊತ್ತೊಯ್ಯುತ್ತೆ. ದಿನಕ್ಕೆ ಮೂರು ಲೀಟರ್ ಹೋಗ್ತಿದೆ. ಬಾಲ್‌ಕಾಕ್ ಅದನ್ನ ತುಂಬಿಸ್ಕೊಳ್ತಿದೆ.

ಮಾಲೂರು_ಮೆಕ್ಯಾನಿಕ್ | ಏಪ್ರಿಲ್ 11, ಬೆಳಗ್ಗೆ 8:15

ಪಂಪ್ ವೈರ್ ಎಲ್ಲಾದ್ರೂ ಬಿರುಕು ಬಿಟ್ಟಿದೆಯಾ? ಕರೆಂಟ್ ಲೀಕ್ ಇದ್ರೂ ಹೀಗಾಗಬಹುದು ಅಂತಾರೆ. ಆರ್‌ಸಿಸಿಬಿ ಬಿದ್ದಿಲ್ಲ ಅಂದ್ರೆ ನನಗೂ ನಂಬಿಕೆ ಇಲ್ಲ.

ತುಮಕೂರು_ಉಪ್ಪುನೀರು | ಏಪ್ರಿಲ್ 11, ಬೆಳಗ್ಗೆ 9:00

ಮೀನಿಗೆ ಏನೂ ಇಲ್ಲ, ಬೆನ್ನುಮೂಳೆ ಇಲ್ಲದ್ದೆಲ್ಲ ಸಾಯ್ತಿದೆ. ಇದು ಲೋಹ, ನನಗೆ ಅನುಮಾನ ತಾಮ್ರದ ಮೇಲೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರವನ್ನೇ 0.15ರಿಂದ 0.2 ಪಿಪಿಎಂ ಔಷಧಿಯಾಗಿ ಕೊಡ್ತಾರೆ, ಮೀನು ತಡ್ಕೊಳ್ಳುತ್ತೆ. ಬಸವನಹುಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಎಲ್ಲಿಂದ ಬರ್ತಿದೆ ಅಂತ ಹುಡುಕು. ಮ್ಯಾಗ್ನೆಟ್? ಹೀಟರ್? ಔಷಧಿ ಏನಾದ್ರೂ ಹಾಕಿದ್ಯಾ?

ಕೋಲಾರ_ಕಡಲು | ಏಪ್ರಿಲ್ 11, ಬೆಳಗ್ಗೆ 9:20

ಯಾವ ಔಷಧಿಯೂ ಇಲ್ಲ ಅಣ್ಣ. ಹೀಟರ್ ಗಾಜಿನದು. ನೀರಿನ ಟಿಡಿಎಸ್ ಡಿಐ ಬಾಯಲ್ಲಿ ಸೊನ್ನೆ.

ಚಿಂತಾಮಣಿ_ಟೀಚರ್ | ಏಪ್ರಿಲ್ 11, ಮಧ್ಯಾಹ್ನ 1:10

ಕ್ಲಾಸ್ ಮಧ್ಯೆ ಬರೀತಿದ್ದೀನಿ. ಜನವರಿ 9ರ ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಸಂಪ್ ಅಂಚಿನಲ್ಲಿ ಹಳದಿಯಾಗಿ ಹೊಳೀತಿರೋದು ಏನು? ನೀವು ಹೇಳಿದ "ಗಟ್ಟಿ ಮಾಲು" ಹಿತ್ತಾಳೆಯದಾ?

ಕೋಲಾರ_ಕಡಲು | ಏಪ್ರಿಲ್ 11, ಮಧ್ಯಾಹ್ನ 1:15

ಹೌದು ಮೇಡಂ.

ಕೋಲಾರ_ಕಡಲು | ಏಪ್ರಿಲ್ 11, ಮಧ್ಯಾಹ್ನ 1:16

ಅಯ್ಯೋ.

ಚಿಂತಾಮಣಿ_ಟೀಚರ್ | ಏಪ್ರಿಲ್ 11, ಮಧ್ಯಾಹ್ನ 1:50

ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಹಿತ್ತಾಳೆ ಪಾತ್ರೆಯಲ್ಲಿ ಕಲಾಯಿ ಇಲ್ಲದೆ ಹುಳಿ ಮಾಡಬಾರದು, ಕಿಲುಬು ಬಿಡುತ್ತೆ ಅಂತ ಮನೆಯಲ್ಲಿ ಹೇಳ್ತಿರಲಿಲ್ವಾ? ಇಲ್ಲಿ ಹುಳಿಯ ಬದಲು ಶುದ್ಧ ನೀರು. ಬೋರ್ ನೀರಾದ್ರೆ ನಲ್ಲಿ ಒಳಗೆ ಸುಣ್ಣದ ಪದರ ಕಟ್ಟಿ ಲೋಹವನ್ನ ಮುಚ್ಚುತ್ತೆ. ಡಿಐ ನೀರಲ್ಲಿ ಆ ಪದರ ಕಟ್ಟೋಕೆ ಏನೂ ಇಲ್ಲ, ಹಸಿದ ನೀರು ಅದು, ಸಿಕ್ಕಿದ್ದನ್ನ ಕರಗಿಸ್ಕೊಳ್ಳುತ್ತೆ. ಡಿಐ ಬಾಯಲ್ಲಿ ಸೊನ್ನೆ ಇದ್ದ ನೀರು ರಾತ್ರಿಯೆಲ್ಲ ಆ ವಾಲ್ವ್ ಹೊಟ್ಟೆಯಲ್ಲಿ ನಿಂತು, ದಿನಕ್ಕೆ ಮೂರು ಲೀಟರಿನಂತೆ ನಿಮ್ಮ ಕಡಲಿಗೆ ಇಳಿದಿದೆ. ಮೇಲಿಂದ ಉಪ್ಪಿನ ಸಿಡಿತ ಬೇರೆ.

ಊಹೆ ಬೇಡ, ಪರೀಕ್ಷೆ ಮಾಡಿ. ವಾಲ್ವ್ ಬಿಚ್ಚಿ ಒಂದು ಚೊಂಬು ಡಿಐ ನೀರಲ್ಲಿ ರಾತ್ರಿ ಮುಳುಗಿಸಿಡಿ. ಪ್ಲಾಸ್ಟಿಕ್ ಚೊಂಬು, ದಯವಿಟ್ಟು.

ಕೋಲಾರ_ಕಡಲು | ಏಪ್ರಿಲ್ 13, ರಾತ್ರಿ 8:45

ಬಿಚ್ಚಿದೆ. ಹೊರಗಿಂದ ಪರವಾಗಿಲ್ಲ. ತಿರುಗಿಸಿ ನೋಡಿದ್ರೆ ವಾಲ್ವ್ ಕೈಯ ಕೀಲಿನ ಸುತ್ತ, ತಿರುಪಿನ ಹಲ್ಲಿನ ಸಂದಿಯಲ್ಲೆಲ್ಲ ಹಸಿರು ಕಿಲುಬು, ಉಗುರಲ್ಲಿ ಕೆರೆದ್ರೆ ಪುಡಿ ಉದುರುತ್ತೆ. ಅದರ ಕೆಳಗೆ ಸಂಪ್ ಗಾಜಿನ ಮೇಲೆ ನೀರು ಇಳಿದ ದಾರಿಯುದ್ದಕ್ಕೂ ತಿಳಿ ಹಸಿರು ಗೆರೆ. ಮೂರು ತಿಂಗಳು ದಿನಾ ನೋಡ್ತಿದ್ದೆ, ಪಾಚಿ ಅಂದ್ಕೊಂಡಿದ್ದೆ.

ತಾಮ್ರದ ಕಿಟ್ ಇವತ್ತು ಬಂತು. ಟ್ಯಾಂಕ್ ನೀರು ಹಾಕಿದ್ರೆ ಬಣ್ಣದ ಪಟ್ಟಿಯಲ್ಲಿ ಸೊನ್ನೆಯ ಮನೆಗೂ ಒಂದನೇ ಮನೆಗೂ ನಡುವೆ, ಹೌದೋ ಅಲ್ವೋ ಅನ್ನೋ ಹಾಗೆ. ಚೊಂಬಿನ ನೀರು ಹಾಕಿದ್ರೆ ನೇರ ಮೂರನೇ ಮನೆ. ಅಪ್ಪ ಪಕ್ಕದಲ್ಲೇ ನಿಂತಿದ್ರು. ಏನೂ ಮಾತಾಡಲಿಲ್ಲ.

ತುಮಕೂರು_ಉಪ್ಪುನೀರು | ಏಪ್ರಿಲ್ 13, ರಾತ್ರಿ 9:10

ಕಿಟ್ ಟ್ಯಾಂಕ್ ನೀರಲ್ಲಿ ಸೊನ್ನೆ ಹತ್ತಿರ ತೋರಿಸಿತು ಅಂತ ಸಮಾಧಾನ ಪಡಬೇಡ. ಅದರ ಕಣ್ಣಿಗೆ ಕಾಣದಷ್ಟು ಇದ್ದರೂ ಹುಳಕ್ಕೆ ಸಾಕು, ಮತ್ತೆ ಒಂದಿಷ್ಟು ನಿನ್ನ ಕಲ್ಲಿಗೇ ಅಂಟಿರುತ್ತೆ, ನಿಧಾನಕ್ಕೆ ಬಿಡುತ್ತೆ. ಮಾಡಬೇಕಾದ್ದು: ಮೂರು ದಿನಕ್ಕೊಮ್ಮೆ 40 ಲೀಟರ್‌ನಂತೆ ನಾಲ್ಕು ಸಲ ನೀರು ಬದಲಿಸು. ಹೊಸ ಆಕ್ಟಿವೇಟೆಡ್ ಕಾರ್ಬನ್, ಜೊತೆಗೆ ತಾಮ್ರ ಹೀರೋ ರೆಸಿನ್ ಒಂದು ಚೀಲ. ಉಳಿದ ಎರಡು ಹುಳ ಬೇರೆ ಬಕೆಟ್‌ಗೆ. ಆರ್‌ಒ ರಿಪೇರಿ ಅಂಗಡಿಯಲ್ಲಿ ಕಾಲಿಂಚಿನ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್ ಸಿಗುತ್ತೆ, ಕುಡಿಯೋ ಮೆಷಿನ್ ಒಳಗಿರೋದೇ ಅದು. ಮುರಿದ್ರೆ ಮುರೀಲಿ, ಎರಡು ತಗೊಂಡು ಒಂದು ಮನೆಯಲ್ಲಿಡು. ಮೇಲಿನ ಕ್ಯಾನ್ ಕೂಡ 10 ಲೀಟರ್‌ಗೆ ಇಳಿಸು. ವಾಲ್ವ್ ಸಿಕ್ಕಿಹಾಕ್ಕೊಂಡು ಅಷ್ಟೂ ಸುರಿದ್ರೂ ಉಪ್ಪಿನಂಶ 35ರಿಂದ 33ರ ಆಸುಪಾಸಲ್ಲಿ ನಿಲ್ಲುತ್ತೆ. 20 ಲೀಟರ್ ಆದ್ರೆ ಸಂಪ್ ಉಕ್ಕಿ ಮತ್ತೆ ನೆಲ ಒರೆಸಬೇಕು.

ನಾನೂ ಆ ಫೋಟೋ ಜನವರಿಯಲ್ಲೇ ನೋಡಿದ್ದೆ. ಸೈಫನ್ ಹುಡುಕೋ ಭರದಲ್ಲಿ ಇದು ಕಾಣಲಿಲ್ಲ. ಕ್ಷಮಿಸು.

ಮಾಲೂರು_ಮೆಕ್ಯಾನಿಕ್ | ಏಪ್ರಿಲ್ 13, ರಾತ್ರಿ 10:30

ಬೇರೆಯವರೂ ನಿಮ್ಮ ಟ್ಯಾಂಕ್ ನೋಡ್ಕೊಳ್ಳಿ. ಪೈಪ್ ಕ್ಲಾಂಪ್, ಹೋಸ್ ಜಾಯಿಂಟ್, ಲೈಟ್ ನೇತುಹಾಕಿರೋ ಕೊಂಡಿ. ನನ್ನದರಲ್ಲಿ ಈಗ ಟಾರ್ಚ್ ಹಾಕಿ ನೋಡಿದೆ, ಒಂದು ಹಿತ್ತಾಳೆ ನಿಪ್ಪಲ್ ಸಿಕ್ತು. ಬಾಯಿ ಮುಚ್ಕೊಂಡು ಕಿತ್ತೆ.

ಕೋಲಾರ_ಕಡಲು | ಮೇ 18, ಸಂಜೆ 6:00

ಐದು ವಾರ ಆಯ್ತು. ಜೋಯಾಂಥಿಡ್ ಒಂದು ತುಂಡು ಅರಳಿದೆ, ಇನ್ನೊಂದು ಕರಗಿ ಹೋಯ್ತು. ಬಕೆಟ್‌ನಲ್ಲಿದ್ದ ಎರಡು ಹುಳದಲ್ಲಿ ಉಳಿದದ್ದು ಒಂದು. ಅದನ್ನೇ ನಿನ್ನೆ ಟ್ಯಾಂಕಿಗೆ ವಾಪಸ್ ಬಿಟ್ಟೆ. ರಾತ್ರಿ ಎರಡಕ್ಕೆ ಎದ್ದು ಮೊಬೈಲ್ ಬೆಳಕಲ್ಲಿ ನೋಡಿದೆ, ಗಾಜಿನ ಮೇಲೆ ನಡೀತಿತ್ತು, ಹಿಂದೆ ಪಾಚಿ ತಿಂದು ಖಾಲಿ ಮಾಡಿದ ಅಂಕುಡೊಂಕು ದಾರಿ.

ಗೌರಿಬಿದನೂರು_ಗಪ್ಪಿ | ಮೇ 18, ಸಂಜೆ 6:20

ಸದ್ಯ! ಇನ್ನೂ ಹುಳ ತರ್ತೀರಾ?

ಕೋಲಾರ_ಕಡಲು | ಮೇ 18, ಸಂಜೆ 6:31

ಇದು ಒಂದು ತಿಂಗಳು ಬದುಕಲಿ, ಆಮೇಲೆ.

ಕೋಲಾರ_ಕಡಲು | ಜೂನ್ 21, ಬೆಳಗ್ಗೆ 8:00

ಬದುಕಿದೆ. ನಿನ್ನೆ ಇನ್ನೂ ನಾಲ್ಕು ತಂದೆ. ಜೋಯಾಂಥಿಡ್‌ನಲ್ಲಿ ಹೊಸ ಮೊಗ್ಗು ಏಳು, ಅಮ್ಮ ಎಣಿಸಿದ್ದು. ಲೈಟ್ ಈಗ ಶೇ 55.

ಕೆಜಿಎಫ್_ಹುಡುಗ | ಜೂನ್ 21, ಬೆಳಗ್ಗೆ 8:40

ಸೂಪರ್ ಅಣ್ಣ. ಆ ಹಿತ್ತಾಳೆ ಬಾಲ್‌ಕಾಕ್ ಏನು ಮಾಡಿದ್ರಿ? ಗುಜರಿಗಾ?

ಕೋಲಾರ_ಕಡಲು | ಜೂನ್ 21, ಬೆಳಗ್ಗೆ 8:55

ಅಪ್ಪ ಬಿಡಲಿಲ್ಲ. ಹುಣಿಸೆಹಣ್ಣು ಹಾಕಿ ತಿಕ್ಕಿ ಅಂಗಳದ ಸಂಪ್‌ಗೆ ಹಾಕಿಸಿದ್ದಾರೆ. ಅಲ್ಲಿ ಅದಕ್ಕೆ ಬೋರ್ ನೀರು, ಆಗಲೇ ಬಿಳಿ ಪದರ ಕಟ್ಟೋಕೆ ಶುರುವಾಗಿದೆ.